ತೋಟದ ಕೆಲಸ ಸಣ್ಣವರಿದ್ದಾಗಲೇ ಕಲಿಯಬೇಕು

ಈ ಸಲದ ಗೋಡೆ ಪತ್ರಿಕೆಗೆ ನಾನು ತೋಟಗಾರಿಕೆಯ ಬಗ್ಗೆ ಬರೆಯುತ್ತಿದ್ದೇನೆ. ಇದರಲ್ಲಿ ಪಾಠದಿಂದ ಕಲಿತದ್ದು ಸ್ವಲ್ಪ, ಅವ್ವನಿಂದ ಕಲಿತದ್ದು ಸ್ವಲ್ಪ, ನಾನೇ ಕೆಡಿಸಿ ಕಲಿತದ್ದು ಬಹಳ.

ನಿಮಗೆಲ್ಲ ನೆನಪಿರಬಹುದು. ಹೋದ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ದಿನ ನಾವು ಮೊದಲು ಓಡಿ ಹೋಗಿ ನೋಡಿದ್ದು ಅಡುಗೆ ಕೋಣೆಯ ಹಿಂದಿನ ಕೈತೋಟವನ್ನು. ಏಪ್ರಿಲ್‌ನಲ್ಲಿ ರಜೆ ಬಿಡುವಾಗ ಹನ್ನೆರಡು ಬದನೆ ಗಿಡ, ಎರಡು ಸಾಲು ಬಸಳೆ, ಬೇಲಿಗೆ ಹಬ್ಬಿದ ಹೀರೆ ಬಳ್ಳಿ, ಒಂದು ನುಗ್ಗೆ ಸಸಿ ಇದ್ದವು. ಬಂದು ನೋಡಿದರೆ ಬರೀ ಕಡ್ಡಿ. ಆಡು ತಿಂದದ್ದು ಎಷ್ಟೋ, ಬಿಸಿಲಿಗೆ ಒಣಗಿದ್ದು ಎಷ್ಟೋ. ನುಗ್ಗೆ ಸಸಿಯ ಬುಡ ಮಾತ್ರ ಉಗುರಿನಿಂದ ಕೆರೆದರೆ ಹಸಿರಿತ್ತು. ಆಗ ಮೂರನೇತ್ತೆಯ ಒಬ್ಬ ಹುಡುಗ ಬಂದು ನಿಂತು, "ನಮ್ಮ ಮನಿ ಇಲ್ಲೇ ಐತಲ್ಲ, ಹೇಳಿದ್ರ ನಾ ನೀರು ಹಾಕ್ತಿದ್ನಿ" ಅಂದ. ಅವನಿಗೆ ನಾವು ಯಾರೂ ಹೇಳಿರಲಿಲ್ಲ. ಆರನೇತ್ತೆ, ಏಳನೇತ್ತೆಯವರದೇ ತೋಟ ಅಂತ ಅವನನ್ನು ಒಳಗೂ ಬಿಡುತ್ತಿರಲಿಲ್ಲ. ಹೂ ಕೀಳುತ್ತಾನೆ, ಗಿಡ ತುಳಿಯುತ್ತಾನೆ ಅಂತ ಬೈದು ಓಡಿಸಿದವರಲ್ಲಿ ನಾನೂ ಒಬ್ಬಳು.

ಅವನ ಮಾತು ನನ್ನ ತಲೆಯಲ್ಲಿ ಉಳಿಯಿತು. ಈ ವರ್ಷ ಮುಗಿದರೆ ನಾವು ಏಳನೇತ್ತೆಯವರು ಹೈಸ್ಕೂಲಿಗೆ ಹೋಗುತ್ತೇವೆ. ತೋಟ ಗೊತ್ತಿದ್ದವರೆಲ್ಲ ಒಂದೇ ದಿನ ಹೊರಗೆ. ಅದಕ್ಕೇ ಹೇಳುತ್ತೇನೆ, ಒಂದನೇ ಎರಡನೇತ್ತೆಯಿಂದಲೇ ಇದನ್ನು ಕಲಿಸಬೇಕು.

ಇದಕ್ಕೆ ನಮ್ಮ ಅಪ್ಪನೇ ಒಪ್ಪಲಿಲ್ಲ. "ನಾವು ಮಣ್ಣಾಗ ಬಿದ್ದದ್ದು ಸಾಕಾಗಿಲ್ಲೇನು? ನಿನ್ನ ಓದಾಕ ಕಳಿಸೇನಿ, ಕಸ ತೆಗಿಯಾಕ ಅಲ್ಲ" ಅಂದ. ಅಪ್ಪ ಹೇಳಿದ್ದರಲ್ಲಿಯೂ ನ್ಯಾಯ ಇದೆ. ನಮ್ಮ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ ಕಡೆ ಹೊಲದ ಕೆಲಸ ಅಂದರೆ ಮಕ್ಕಳಿಗೆ ಆಟ ಆಗಿರಲಿಲ್ಲ. ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಈಗಲೂ ಹಿಂದಿನ ಬೆಂಚು ಖಾಲಿಯಾಗುತ್ತದೆ. ಯಾರು ಯಾರು ಅಂತ ಹೆಸರು ಬರೆಯುವುದಿಲ್ಲ, ಅವರಿಗೇ ಗೊತ್ತು. 2016ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಇಟ್ಟುಕೊಳ್ಳುವ ಹಾಗಿಲ್ಲ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಸ್ವಂತ ಮನೆಯವರಿಗೆ ನೆರವಾಗಬಹುದು ಅಷ್ಟೇ. ನನಗೆ ಈಗ 13. ಕೂಲಿಗೆ ಹೋದರೆ ಇನ್ನೊಬ್ಬರು ಹೇಳಿದಷ್ಟೇ ಕೆಲಸ ಮಾಡುತ್ತೇವೆ. ಗಿಡ ಯಾಕೆ ಸತ್ತಿತು ಅಂತ ಕೇಳಿದರೆ "ಲಗೂ ಮಾಡ" ಅಂತಾರೆ. ತೋಟದಲ್ಲಿ ಅದನ್ನು ಕೇಳಬಹುದು. ನಾನು ಹೇಳುವುದು ಆ ತೋಟದ ಮಾತು.

ಇನ್ನೊಂದು ಮಾತಿದೆ, ಗುರುಗಳು ತಪ್ಪು ತಿಳಿಯಬಾರದು. ಮನೆಕೆಲಸ ಬರೆಯದೆ ಬಂದರೆ "ಹೋಗು, ತೋಟದಾಗ ಕಸ ತೆಗಿ" ಅನ್ನುವುದುಂಟು. ಹಾಗೆ ಮಾಡಿದರೆ ಸಣ್ಣ ಹುಡುಗರಿಗೆ ತೋಟ ಅಂದರೆ ಶಿಕ್ಷೆ ಅಂತಲೇ ಅನಿಸುತ್ತದೆ. ಮತ್ತೆ ಸಿಟ್ಟಿನಲ್ಲಿ ಕಸ ತೆಗೆಯುವವನು ಕಸದ ಜೊತೆ ಮೆಂತ್ಯವನ್ನೂ ಕೀಳುತ್ತಾನೆ. ಇದು ನಾನು ಕಣ್ಣಾರೆ ಕಂಡದ್ದು.

ಈಗ ಅವ್ವನ ವಿಷಯ. ಅವ್ವ ಎರಡನೇತ್ತೆವರೆಗೆ ಮಾತ್ರ ಓದಿದ್ದಾಳೆ. ಅವಳು ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಾಳೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಣೆಬೆನ್ನೂರು ಸುತ್ತಮುತ್ತ ಹೈಬ್ರಿಡ್ ಬೀಜ ತಯಾರಿಸುವ ಹೊಲಗಳು ಬಹಳ ಇವೆ. ಟೊಮ್ಯಾಟೊ, ಮೆಣಸು, ಬದನೆ, ಹತ್ತಿ ಎಲ್ಲದರ ಬೀಜವನ್ನೂ ಇಲ್ಲಿ ಮಾಡುತ್ತಾರೆ. ನಮ್ಮ ವಿಜ್ಞಾನದ ಪುಸ್ತಕದಲ್ಲಿ ಸಸ್ಯಗಳ ಸಂತಾನೋತ್ಪತ್ತಿಯ ಪಾಠ ಇದೆಯಲ್ಲ, ಅದರಲ್ಲಿ ಪುಂಕೇಸರ, ಶಲಾಕೆ, ಶಲಾಕಾಗ್ರ, ಅಂಡಾಶಯ ಅಂತ ಚಿತ್ರ ಬರೆದು ಭಾಗ ಗುರುತಿಸಿ ಅಂತಾರೆ. ನಾನು ಬಾಯಿಪಾಠ ಮಾಡಿ ಪೂರ್ತಿ ಅಂಕ ತೆಗೆದುಕೊಂಡೆ. ಮನೆಗೆ ಬಂದು ಹಿತ್ತಲ ಮೆಣಸಿನ ಹೂವಿನಲ್ಲಿ ತೋರಿಸು ಅಂದರೆ ಬರಲಿಲ್ಲ. ಅವ್ವ ನಕ್ಕು, ನಾಳೆ ಅರಳುವ ಮೊಗ್ಗು ಒಂದನ್ನು ಹಿಡಿದು ಬಿಡಿಸಿ, ಒಳಗಿನ ನೀಲಿ ಕಾಳಿನಂಥವನ್ನು ಒಂದೊಂದಾಗಿ ತೆಗೆದಳು. "ಇವು ಗಂಡು. ಇವನ್ನ ಸಂಜಿಗೆ ತೆಗೀಬೇಕು. ನಟ್ಟನಡುವ ನಿಂತೈತಲ್ಲ, ಅದು ಹೆಣ್ಣು. ಅದಕ್ಕ ಉಗುರು ತಾಗಿದ್ರ ಕಾಯಿ ಆಗೂದಿಲ್ಲ. ಮುಂಜಾನೆ ಬ್ಯಾರೆ ಗಿಡದ ಪುಡಿ ಅದರ ತುದಿಗೆ ಹಚ್ಚಬೇಕು" ಅಂದಳು. ಪುಂಕೇಸರ, ಶಲಾಕಾಗ್ರ ಎರಡೂ ಅವಳ ಬೆರಳಲ್ಲಿ ಇದ್ದವು, ಹೆಸರು ಮಾತ್ರ ಇರಲಿಲ್ಲ. ನನ್ನ ಹತ್ತಿರ ಹೆಸರು ಇತ್ತು, ಹೂ ಇರಲಿಲ್ಲ. ಆವತ್ತು ರಾತ್ರಿ ನಾನು ಪುಸ್ತಕ ತೆಗೆದು ಅವಳಿಗೆ ಚಿತ್ರ ತೋರಿಸಿದೆ. ಅವಳು ನನ್ನ ಚಿತ್ರದಲ್ಲಿ ಒಂದು ತಪ್ಪು ಹಿಡಿದಳು!

ಸಣ್ಣವರಿಗೆ ಮೆಣಸಿನ ಹೂ ಬಹಳ ಚಿಕ್ಕದು. ಅವರಿಗೆ ಕುಂಬಳದ ಹೂ ತೋರಿಸಬೇಕು. ಕುಂಬಳದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೂವಿನ ಕೆಳಗೆ ಗೋಲಿಯಷ್ಟು ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ಉದ್ದ ತೊಟ್ಟು ಇದ್ದರೆ ಗಂಡು. ಜೇನುಹುಳ ಬಾರದಿದ್ದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತದೆ. ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾಗಿಸಿದರೆ ನಮ್ಮ ಕೈಯಿಂದಲೇ ಕಾಯಿ ನಿಲ್ಲುತ್ತದೆ. ಬಿಸಿಲು ಏರಿದ ಮೇಲೆ ಹೂ ಮುಚ್ಚಿಕೊಳ್ಳುತ್ತದೆ, ಆಗ ಆಗುವುದಿಲ್ಲ.

ಸಣ್ಣ ವಯಸ್ಸಿನಲ್ಲಿ ಕಲಿತದ್ದು ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ತುಳಸಿ ಗೌಡ ಅವರನ್ನು ನೆನೆಯಬೇಕು. ಅವರದು ಉತ್ತರ ಕನ್ನಡ ಜಿಲ್ಲೆ ಅಂಕೋಲಾ ತಾಲೂಕಿನ ಹೊನ್ನಳ್ಳಿ. ಹಾಲಕ್ಕಿ ಸಮುದಾಯದವರು. ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ತಾಯಿಯ ಸಂಗಡ ನರ್ಸರಿ ಕೆಲಸಕ್ಕೆ ಹೋದರು, ಶಾಲೆಗೆ ಹೋಗಲೇ ಇಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ವರ್ಷಗಟ್ಟಲೆ ದಿನಗೂಲಿ ಮಾಡಿದರು. ಒಂದು ಜಾತಿಯ ಮರಗಳಲ್ಲಿ ತಾಯಿ ಮರ ಯಾವುದು, ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಅಂತ ನೋಡಿದ ಕೂಡಲೇ ಹೇಳುತ್ತಿದ್ದರಂತೆ. ಅವರಿಗೆ 2020ನೇ ಸಾಲಿನ ಪದ್ಮಶ್ರೀ ಬಂತು. 2021ರ ನವೆಂಬರಿನಲ್ಲಿ ದಿಲ್ಲಿಯಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪ್ರಶಸ್ತಿ ತೆಗೆದುಕೊಂಡರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಬಡತನಕ್ಕಾಗಿ ನರ್ಸರಿಗೆ ಹೋದವರು. ನಮಗೆ ಶಾಲೆಯೂ ಇದೆ, ಶಾಲೆಯೊಳಗೇ ಮಣ್ಣೂ ಇದೆ. ಅವರಿಗೆ ಇವೆರಡೂ ಒಟ್ಟಿಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ ಅಂತ ನಾನು ಯೋಚನೆ ಮಾಡುತ್ತಿರುತ್ತೇನೆ.

ಅಮೆರಿಕ ದೇಶದಲ್ಲಿಯೂ ಇಂಥವರೊಬ್ಬರು ಇದ್ದರು, ಜಾರ್ಜ್ ವಾಷಿಂಗ್ಟನ್ ಕಾರ್ವರ್. ಗುಲಾಮರ ಮಗನಾಗಿ ಹುಟ್ಟಿದವರು. ಹುಡುಗನಿದ್ದಾಗ ಕಾಡಿನಲ್ಲಿ ಗುಟ್ಟಾಗಿ ಸಣ್ಣ ತೋಟ ಮಾಡಿಕೊಂಡಿದ್ದರು. ನೆರೆಯವರು ಒಣಗಿದ ಗಿಡ ತಂದು ತೋರಿಸುತ್ತಿದ್ದರು, "ಗಿಡದ ಡಾಕ್ಟರ್" ಅಂತಲೇ ಕರೆಯುತ್ತಿದ್ದರು. ಆಮೇಲೆ 1896ರಿಂದ ಟಸ್ಕೆಗೀ ಎಂಬಲ್ಲಿ ಕೃಷಿ ಕಲಿಸಿದರು. ವರ್ಷವರ್ಷವೂ ಹತ್ತಿಯನ್ನೇ ಬಿತ್ತಿದರೆ ಮಣ್ಣು ಸೋಲುತ್ತದೆ, ನಡುವೆ ಶೇಂಗಾ ಬಿತ್ತಿರಿ ಅಂತ ರೈತರಿಗೆ ಹೇಳಿದರು. ಹತ್ತಿ, ಶೇಂಗಾ ಅಂದರೆ ನಮ್ಮ ಊರಿನ ಮಾತೇ ಆಯಿತಲ್ಲ!

ಇನ್ನು ನಾನು ಕೆಡಿಸಿದ್ದನ್ನು ಹೇಳುತ್ತೇನೆ. ಹೋದ ಜೂನ್‌ನಲ್ಲಿ ತೋಟ ಹೊಸದಾಗಿ ಮಾಡುವಾಗ ಮೆಣಸಿನ ಅಗಿ ನಾನೇ ಹಾಕುತ್ತೇನೆ ಅಂತ ಜಂಬ ಮಾಡಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದರ ಬಣ್ಣ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಹಾಕುತ್ತಾರೆ. ಡಬ್ಬಿ ಅಂತ ಒಂದು ತರ, ಗಿಡ್ಡ ಮತ್ತು ಉಬ್ಬು. ಕಡ್ಡಿ ಅಂತ ಇನ್ನೊಂದು, ಉದ್ದ ಮತ್ತು ಸಣ್ಣ. ಇಂಥ ಊರಿನ ಹುಡುಗಿಗೆ ಅಗಿ ಹಾಕಲು ಬರುವುದಿಲ್ಲವೇ ಅಂತ ಯಾರನ್ನೂ ಕೇಳಲಿಲ್ಲ. ತಗ್ಗಿನಲ್ಲಿ ಮಡಿ ಮಾಡಿದೆ. ಬೀಜ ಮುಷ್ಟಿಯಿಂದ ಚೆಲ್ಲಿದೆ. ದಿನಕ್ಕೆ ಮೂರು ಸಲ ಕೊಡದಿಂದ ನೀರು ಸುರಿದೆ. ಎಂಟು ದಿನಕ್ಕೆ ಹುಟ್ಟಿದವು, ಹಸಿರು ಚಾಪೆ ಹಾಸಿದ ಹಾಗೆ ಕಂಡವು. ಎಲ್ಲರನ್ನೂ ಕರೆದು ತೋರಿಸಿದೆ. ಮತ್ತೆ ಐದು ದಿನಕ್ಕೆ ನೆಲದ ಮಟ್ಟಕ್ಕೆ ಕಾಂಡ ನೀರಾಗಿ ಒಂದೊಂದೇ ಮಲಗಿದವು. ಭಾನುವಾರ ಕಳೆದು ಸೋಮವಾರ ಬಂದು ನೋಡಿದರೆ ಮಡಿ ಬೋಳು.

ಅಳು ಬಂತು. ಅಕ್ಕೋರು ಬೈಯಲಿಲ್ಲ. ಸತ್ತ ಸಸಿ ಒಂದನ್ನು ಕಿತ್ತು ಬುಡ ತೋರಿಸಿ, ನೀರು ನಿಂತ ಮಣ್ಣಿನಲ್ಲಿ ಪಿಥಿಯಂನಂಥ ರೋಗಾಣುಗಳು ಬೆಳೆಯುತ್ತವೆ, ಸಸಿ ಒತ್ತೊತ್ತಾಗಿದ್ದರೆ ಒಂದರಿಂದ ಒಂದಕ್ಕೆ ಹಬ್ಬುತ್ತವೆ ಎಂದು ಹೇಳಿದರು. ಎರಡನೇ ಸಲ ಅವ್ವ ಹೇಳಿದ ಹಾಗೆ ಮಾಡಿದೆ. ಮಡಿಯನ್ನು ಗೇಣುದ್ದ ಎತ್ತರ ಮಾಡಿ ನೀರು ಬಸಿದು ಹೋಗುವ ಹಾಗೆ ಬಿಟ್ಟೆ. ಪೂರ್ತಿ ಕಳಿತ ತಿಪ್ಪೆ ಗೊಬ್ಬರ ಮಾತ್ರ ಹಾಕಿದೆ, ಹಸಿ ಸಗಣಿ ಹಾಕಬಾರದು. ನಾಲ್ಕು ಬೆರಳು ಅಂತರಕ್ಕೆ ಗೆರೆ ಎಳೆದು, ಗೆರೆಯಲ್ಲಿ ಬೀಜ ತೆಳ್ಳಗೆ ಬಿಟ್ಟು, ಮೇಲೆ ಸಣ್ಣ ಮಣ್ಣು ಉದುರಿಸಿದೆ. ಬೀಜದ ಮೇಲೆ ಮಣ್ಣು ಬಹಳ ಆದರೆ ಹುಟ್ಟುವುದೇ ಇಲ್ಲ. ಮೊಳಕೆ ಕಾಣುವವರೆಗೆ ಒಣ ಹುಲ್ಲು ಮುಚ್ಚಿ, ಕಂಡ ಕೂಡಲೇ ತೆಗೆದೆ. ತಂಬಿಗೆಯ ಬಾಯಿಗೆ ಕೈ ಅಡ್ಡ ಹಿಡಿದು ಬೆರಳ ಸಂದಿನಿಂದ ಬೆಳಿಗ್ಗೆ ಮಾತ್ರ ನೀರು ಚಿಮುಕಿಸಿದೆ. ನಲವತ್ತು ದಿನಕ್ಕೆ ಅಗಿ ಗೇಣುದ್ದ ಬಂದವು. ಮೋಡ ಮುಸುಕಿದ ಒಂದು ಸಂಜೆ ಕಿತ್ತು ಹಚ್ಚಿದೆವು. ಇಪ್ಪತ್ತಾರರಲ್ಲಿ ಇಪ್ಪತ್ತೊಂದು ಬದುಕಿದವು.

ಬೀಜದ ಬಗ್ಗೆಯೂ ಒಂದು ತಪ್ಪು ಮಾಡಿದ್ದೆ. ಸಂತೆಯಿಂದ ತಂದ ಹೈಬ್ರಿಡ್ ಟೊಮ್ಯಾಟೊ ಹಣ್ಣಿನ ಬೀಜ ಒಣಗಿಸಿ ಹಾಕಿದ್ದೆ. ಒಂದು ಗಿಡದಲ್ಲಿ ದುಂಡು ಕಾಯಿ, ಇನ್ನೊಂದರಲ್ಲಿ ಉದ್ದ, ಮತ್ತೊಂದರಲ್ಲಿ ನಾಲ್ಕೇ ಕಾಯಿ. ಹೈಬ್ರಿಡ್ ಅಂದರೆ ಎರಡು ಬೇರೆ ಗಿಡಗಳನ್ನು ಕೂಡಿಸಿ ಮಾಡಿದ್ದು, ಅದರ ಬೀಜ ಹಾಕಿದರೆ ಮುಂದಿನ ಗಿಡಗಳಲ್ಲಿ ಅಜ್ಜ ಅಜ್ಜಿಯರ ಗುಣಗಳು ಬೇರೆ ಬೇರೆಯಾಗಿ ಹೊರಬರುತ್ತವೆ. ನಮ್ಮ ಹಳೆಯ ಡಬ್ಬಿ, ಕಡ್ಡಿ ಹಾಗಲ್ಲ. ಒಳ್ಳೆಯ ಗಿಡದ ಒಳ್ಳೆಯ ಹಣ್ಣು ಆರಿಸಿ ಬೀಜ ಇಟ್ಟುಕೊಂಡರೆ ಬಹುಮಟ್ಟಿಗೆ ಅದೇ ಬರುತ್ತದೆ.

ಒಂದನೇ ಎರಡನೇತ್ತೆಯವರಿಗೆ ಮೆಣಸು ಬೇಡ, ಅವರಿಗೆ ಕಾಯುವ ತಾಳ್ಮೆ ಇರುವುದಿಲ್ಲ. ಮೆಂತ್ಯ ಕೊಡಬೇಕು. ನಾಲ್ಕು ದಿನಕ್ಕೆ ಹುಟ್ಟುತ್ತದೆ, ತಿಂಗಳೊಳಗೆ ಪಲ್ಲೆ ಆಗುತ್ತದೆ. ಬೇಕಾದರೆ ತಮ್ಮ ತಮ್ಮ ಹೆಸರಿನ ಅಕ್ಷರದ ಆಕಾರದಲ್ಲಿ ಬಿತ್ತಲಿ. ಕಳಿಗೆ ಗುದ್ದಲಿ ಸಣ್ಣವರ ಕೈಗೆ ಕೊಡಬಾರದು, ಔಷಧ ಹೊಡೆಯುವುದಂತೂ ಯಾವ ಮಕ್ಕಳೂ ಮಾಡಬಾರದು. ಎಲೆ ಮುಟುರಿದರೆ ಹಿಂದೆ ತಿರುಗಿಸಿ ನೋಡಿ ಹುಳ ಇದೆಯೋ ಹೇಗೆ ಅಂತ ದೊಡ್ಡವರಿಗೆ ಹೇಳಿದರೆ ಸಾಕು.

ನೀರಿಗೆ ಏನು ಮಾಡುವುದು ಅಂತ ಕೇಳುತ್ತೀರಿ. ನಮ್ಮ ರಾಜ್ಯದಲ್ಲಿ 2002-03ರಲ್ಲಿ ಅಕ್ಷರ ದಾಸೋಹ ಶುರುವಾಯಿತು. ದಿನಾ ಬಿಸಿಯೂಟಕ್ಕೆ ಮೊದಲು ಕೈ ತೊಳೆಯುತ್ತೇವೆ, ಆಮೇಲೆ ತಾಟು ತೊಳೆಯುತ್ತೇವೆ. ಆ ನೀರೆಲ್ಲ ಮೊದಲು ರಸ್ತೆಗೆ ಹೋಗಿ ಸೊಳ್ಳೆ ಆಗುತ್ತಿತ್ತು. ಈಗ ಸಣ್ಣ ಕಾಲುವೆ ತೋಡಿ, ಅನ್ನದ ಅಗಳು ತಡೆಯಲು ಹರಳು ತುಂಬಿದ ಗುಂಡಿ ಮಾಡಿ, ಬಾಳೆ ಮತ್ತು ಕುಂಬಳಕ್ಕೆ ಬಿಟ್ಟಿದ್ದೇವೆ. ಕಾಲುವೆ ತೋಡಿದವರು ಆರನೇತ್ತೆಯವರು, ಈ ಮಾತು ಬರೆಯಲೇಬೇಕು ಅಂತ ಅವರು ಹೇಳಿದ್ದಾರೆ. ಜಾಗ ಇಲ್ಲದ ಶಾಲೆಯವರೂ ಹೆದರಬೇಕಾಗಿಲ್ಲ. 2019ರಲ್ಲಿ ಕೇಂದ್ರ ಸರಕಾರ ಶಾಲಾ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿದಾಗ ಡಬ್ಬಿ, ಚೀಲಗಳಲ್ಲಿಯೂ ಬೆಳೆಯಬಹುದು ಅಂದಿದೆ.

ಅಪ್ಪ ಹೋದ ತಿಂಗಳು ಶಾಲೆಗೆ ಬಂದಿದ್ದಾಗ ತೋಟದ ಬೇಲಿ ಹತ್ತಿರ ಬಹಳ ಹೊತ್ತು ನಿಂತಿದ್ದ. ಏನೂ ಅನ್ನಲಿಲ್ಲ. ಮರುದಿನ ಆಡು ಬಾರದ ಹಾಗೆ ಒಂದು ಹೊರೆ ಜಾಲಿ ಮುಳ್ಳು ತಂದು ಹಾಕಿ ಹೋದ.

ಈಗ ಮತ್ತೆ ಬೇಸಿಗೆ ರಜೆ ಹತ್ತಿರ ಬಂದಿದೆ. ಏಪ್ರಿಲ್, ಮೇ ತಿಂಗಳ ನೀರಿನ ಪಾಳಿ ಪಟ್ಟಿಯನ್ನು ಈ ಪತ್ರಿಕೆಯ ಕೆಳಗೆ ಮೊಳೆಗೆ ಸಿಕ್ಕಿಸಿದ್ದೇನೆ. ಒಂದು ದಿನಕ್ಕೆ ಇಬ್ಬರು, ಒಬ್ಬರು ದೊಡ್ಡವರು, ಒಬ್ಬರು ನಾಲ್ಕನೇತ್ತೆ ಒಳಗಿನವರು. ಮೊದಲನೇ ಹೆಸರು ಆ ಹುಡುಗನದು, ಈಗ ನಾಲ್ಕನೇತ್ತೆಯಲ್ಲಿದ್ದಾನೆ. ಅವನೇ ಬರೆದದ್ದು, ಅಕ್ಷರ ಸೊಟ್ಟ ಇದೆ, ಯಾರೂ ನಗಬೇಡಿ. ಮೇ ತಿಂಗಳ ಎರಡನೇ ವಾರ ಇನ್ನೂ ಖಾಲಿ ಇದೆ. ಆಗ ಎಲ್ಲರೂ ಮದುವೆ, ಜಾತ್ರೆ ಅಂತ ಊರಿಗೆ ಹೋಗುತ್ತಾರೆ. ಊರಲ್ಲೇ ಇರುವವರು ಶನಿವಾರದೊಳಗೆ ಹೆಸರು ಬರೆಯಿರಿ. ಪೆನ್ಸಿಲ್ ದಾರಕ್ಕೆ ಕಟ್ಟಿದೆ, ಒಯ್ಯಬೇಡಿ.