ಕಿವಿಗೆ ಕೇಳಿಸದುದನ್ನು ಕಳೆಯುವ ಲೆಕ್ಕ

ಸಂತೆಯ ಗದ್ದಲದಲ್ಲಿ ಪಕ್ಕದವನ ಪಿಸುಮಾತು ನಮಗೆ ಕೇಳಿಸದು. ಅದರ ಅಲೆಗಳು ಕಿವಿಯನ್ನು ಮುಟ್ಟುತ್ತಲೇ ಇರುತ್ತವೆ. ಆದರೆ ದೊಡ್ಡ ಧ್ವನಿಯು ಸಣ್ಣದನ್ನು ಮರೆಮಾಡಿಬಿಡುತ್ತದೆ. ಎಂಪಿ3 ಮೊದಲಾದ ವಿಧಾನಗಳಲ್ಲಿ ಅಡಕಗೊಳಿಸಿದ ಸಂಗೀತವೆಲ್ಲ ಕಿವಿಯ ಈ ದೌರ್ಬಲ್ಯವನ್ನೇ ನೆಚ್ಚಿಕೊಂಡಿದೆ.

1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿರುತ್ತದೆ. ಎಡಬಲಗಳೆರಡೂ ಸೇರಿ ಸೆಕೆಂಡಿಗೆ 14,11,200 ಬಿಟ್‌ಗಳಾದುವು. 128 ಕಿಲೊಬಿಟ್ಟಿನ ಎಂಪಿ3 ಕಡತದಲ್ಲಿ ಇದರ ಹನ್ನೊಂದನೆಯ ಒಂದು ಪಾಲು ಮಾತ್ರ ಉಳಿದಿರುತ್ತದೆ. ಉಳಿದುದೆಲ್ಲಿ ಹೋಯಿತು? ಕೆಲವಂಶ ಬರೆಯುವ ಜಾಣತನದಿಂದಾದ ಉಳಿತಾಯ. ಮಿಕ್ಕದ್ದು ನಿಜವಾದ ನಷ್ಟ. ಧ್ವನಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಒಂದೊಂದರಲ್ಲಿಯೂ ಯಾವ ಯಾವ ಸ್ವರಗಳು ಎಷ್ಟೆಷ್ಟು ಬಲವಾಗಿವೆಯೆಂದು ಲೆಕ್ಕ ಹಾಕುತ್ತಾರೆ. ಬಲವಾದ ಸ್ವರದ ನೆರೆಯಲ್ಲಿರುವ ಕ್ಷೀಣಸ್ವರಗಳನ್ನು ಒರಟಾಗಿ ಬರೆಯುತ್ತಾರೆ, ಇಲ್ಲವೆ ಬಿಟ್ಟೇಬಿಡುತ್ತಾರೆ. ಒರಟಾಗಿ ಬರೆದುದರಿಂದ ಹುಟ್ಟುವ ತಪ್ಪು ಒಂದು ಬಗೆಯ ಸದ್ದು. ಅದೂ ಬಲವಾದ ಸ್ವರದ ಮರೆಯಲ್ಲಿ ಅಡಗಬೇಕು.

ಅಡಗದಿದ್ದರೆ? ತುಂಬಿದ ವಾದ್ಯಮೇಳದಲ್ಲಿ ಈ ದೋಷ ಎದ್ದು ಕಾಣುವುದೆಂದು ನಾವು ಊಹಿಸಬಹುದು. ಆದರೆ ಮೇಳದಲ್ಲಿ ಅಡಗುದಾಣಗಳು ಬೇಕಾದಷ್ಟಿರುತ್ತವೆ. ಒಂಟಿ ಕಂಠದಲ್ಲಿ ಇಲ್ಲ. ಜರ್ಮನಿಯ ಎರ್ಲಾಂಗೆನ್ನಿನಲ್ಲಿ ಈ ವಿಧಾನವನ್ನು ರೂಪಿಸುತ್ತಿದ್ದ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಅವರು, ಸುಝಾನ್ ವೇಗಾ ವಾದ್ಯಗಳಿಲ್ಲದೆ ಹಾಡಿದ ‘ಟಾಮ್ಸ್ ಡೈನರ್’ ಗೀತೆಯನ್ನು ಅಡಕಗೊಳಿಸಿ ಕೇಳಿದಾಗ ಕಂಠವೇ ಕೆಟ್ಟಿತ್ತು. ಆ ಹಾಡು ಸರಿಯಾಗಿ ಕೇಳುವವರೆಗೂ ಅವರು ಲೆಕ್ಕವನ್ನು ತಿದ್ದಬೇಕಾಯಿತು.

ಹಠಾತ್ತನೆ ಬೀಳುವ ಪೆಟ್ಟು ಇನ್ನೊಂದು ಕಠಿನ ಪರೀಕ್ಷೆ. ಎಂಪಿ3ಯ ಒಂದು ತುಣುಕು 576 ಅಳತೆಗಳಷ್ಟು, ಎಂದರೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಸುಮಾರು 13ರಷ್ಟು, ಉದ್ದವಿರುತ್ತದೆ. ಘಟದ ಮೇಲಿನ ಪೆಟ್ಟು ತುಣುಕಿನ ಕೊನೆಯಲ್ಲಿ ಬಿದ್ದರೂ ಅದರ ತಪ್ಪು ತುಣುಕಿಡೀ ಹರಡುತ್ತದೆ. ಪರಿಣಾಮವಾಗಿ, ಪೆಟ್ಟು ಬೀಳುವ ಮೊದಲೇ ಅದರ ಕೊಳೆಯಾದ ನೆರಳು ಕೇಳಿಸುತ್ತದೆ! ಪೆಟ್ಟಿನ ನಂತರದ ಸದ್ದನ್ನು ಕಿವಿ ಬಹಳ ಹೊತ್ತು ಗಮನಿಸದು; ಮೊದಲಿನದನ್ನಾದರೋ ಅತ್ಯಲ್ಪ ಕಾಲ ಮಾತ್ರ ಮನ್ನಿಸುತ್ತದೆ. ಇಂಥ ಕಡೆ ತುಣುಕುಗಳನ್ನು ಮೂರರಲ್ಲೊಂದಾಗಿ ಕಿರಿದುಗೊಳಿಸುವ ಉಪಾಯವುಂಟು. ಬಿಟ್‌ಗಳು ಕಡಮೆಯಿದ್ದಲ್ಲಿ ಅದೂ ಸಾಲದು.

ಮನೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಇವೆಲ್ಲ ಫ್ಯಾನಿನ ಸದ್ದಿನಲ್ಲಿಯೇ ಮುಳುಗಿಹೋಗುತ್ತವೆ. ರಾತ್ರಿ ಒಳ್ಳೆಯ ಹೆಡ್‌ಫೋನು ಧರಿಸಿ ಕೇಳಿದಾಗ 128ರ ಒರಟುತನ ಬಯಲಾಗಬಹುದು. 320ರಲ್ಲಿ ಮೂಲಕ್ಕೂ ನಕಲಿಗೂ ಭೇದವನ್ನು ಹೇಳುವುದು ಬಹುಮಂದಿಗೆ ಕಷ್ಟ. ನೀವೇ ಪರೀಕ್ಷಿಸುವುದಾದರೆ ಎರಡರ ಗಟ್ಟಿತನವನ್ನೂ ಸಮಮಾಡಿಕೊಳ್ಳಿ. ಯಾವುದು ಯಾವುದೆಂದು ಗೆಳೆಯನಿಗೆ ಮಾತ್ರ ತಿಳಿದಿರಲಿ. ಕೊಂಚ ಗಟ್ಟಿಯಾದುದೇ ಉತ್ತಮವೆಂದು ನಮ್ಮ ಕಿವಿ ಸುಲಭವಾಗಿ ಮೋಸಹೋಗುತ್ತದೆ.

128ರ ಕಡತವನ್ನು 320ಕ್ಕೆ ಮಾರ್ಪಡಿಸಿ ಉತ್ತಮಗೊಳಿಸಿದೆವೆಂದು ತಿಳಿಯುವವರೂ ಉಂಟು. ಕಡತವೇನೋ ದೊಡ್ಡದಾಗುತ್ತದೆ; ಒಮ್ಮೆ ಬಿಟ್ಟ ಸ್ವರ ಮರಳುವುದಿಲ್ಲ, ಹೊಸ ತಪ್ಪು ಹಳೆಯದರ ಮೇಲೆ ಬೀಳುತ್ತದೆ. ಮನೆಯ ಹಿರಿಯರ ಕಂಠವನ್ನು ಮುದ್ರಿಸಿಡುವವರು ಮೂಲವನ್ನು ಫ್ಲಾಕ್‌ನಂಥ ನಷ್ಟರಹಿತ ರೂಪದಲ್ಲಿಟ್ಟು, ಎಂಪಿ3ಯನ್ನು ಅದರಿಂದಲೇ ತೆಗೆದುಕೊಳ್ಳುವುದು ಲೇಸು.