ಪೇಪರ್ ಡೆವಲಪರ್ ನಾವೇ ಬೆರೆಸುವಾಗ: ಏಳು ಪಾಠ

ಕಪ್ಪು-ಬಿಳುಪು ಪ್ರಿಂಟಿಗೆ ನಾನು ಬೆರೆಸಿಕೊಳ್ಳುವುದು ಕೊಡಾಕ್‌ನ ಹಳೆಯ ಡಿ-72. ಒಂದು ಲೀಟರಿಗೆ ಮೆಟಾಲ್ 3 ಗ್ರಾಂ, ಅನ್‌ಹೈಡ್ರಸ್ ಸೋಡಿಯಂ ಸಲ್ಫೈಟ್ 45, ಹೈಡ್ರೋಕ್ವಿನೋನ್ 12, ಮಾನೋಹೈಡ್ರೇಟ್ ಸೋಡಿಯಂ ಕಾರ್ಬೊನೇಟ್ 80, ಪೊಟ್ಯಾಸಿಯಂ ಬ್ರೋಮೈಡ್ 2. ಐದೇ ಪುಡಿ. ಯಾವುದರ ಕೆಲಸ ಏನೆಂದು ತಿಳಿದುಕೊಳ್ಳುವ ಮನಸ್ಸಿಲ್ಲದಿದ್ದರೆ ಪೊಟ್ಟಣದ ಡೆವಲಪರೇ ಸಾಕು.

1. ತಕ್ಕಡಿ ಮೊದಲು. 0.1 ಗ್ರಾಂ ತೋರಿಸುವಂಥದ್ದಿರಲಿ. ಚಮಚದ ಅಳತೆ ಬೇಡ. ಕಾರ್ಬೊನೇಟಿನಲ್ಲಿ ಒಂದು ಗ್ರಾಂ ಆಚೀಚೆಯಾದರೆ ಗೊತ್ತೇ ಆಗದು. ಮೆಟಾಲ್‌ನಲ್ಲಿ ಒಂದು ಗ್ರಾಂ ಎಂದರೆ ಮೂರನೇ ಒಂದು ಪಾಲು.

2. ಲೇಬಲ್ ಪೂರ್ತಿ ಓದಿ. ಸಲ್ಫೈಟ್, ಸಲ್ಫೇಟ್, ಸಲ್ಫೈಡ್ ಮೂರೂ ಬೇರೆ ಬೇರೆ. ಕಾರ್ಬೊನೇಟ್ ಅನ್‌ಹೈಡ್ರಸ್ ಆಗಿದ್ದರೆ 80ರ ಬದಲು 68 ಗ್ರಾಂ ಸಾಕು. ಹರಳು ವಾಷಿಂಗ್ ಸೋಡಾ ಆದರೆ ಸುಮಾರು 184 ಬೇಕು. ಹರಳಿನ ಮೈಮೇಲೆ ಬಿಳಿ ಹಿಟ್ಟು ಕೂತಿದ್ದರೆ ಅದರೊಳಗಿನ ನೀರು ಹಾರುತ್ತಿದೆ, ಆ ತೂಕ ನಂಬುವಂತಿಲ್ಲ. ಅಡುಗೆ ಸೋಡಾ ಬೈಕಾರ್ಬೊನೇಟ್. ಅದು ಇಲ್ಲಿ ನಡೆಯದು.

3. ಬೋರ್‌ವೆಲ್ ನೀರು ಬೇಡ. ಗಡಸು ನೀರಿಗೆ ಕಾರ್ಬೊನೇಟ್ ಬಿದ್ದೊಡನೆ ಸುಣ್ಣದಂಥ ಬಿಳಿ ಗಸಿ ಎದ್ದು ಪ್ರಿಂಟಿನ ಮೇಲೆ ಕೂರುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಓ ನೀರು ಬಳಸಿ.

4. ಬರೆದ ಕ್ರಮದಲ್ಲೇ ಹಾಕಿ. ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿಯ ಮುಕ್ಕಾಲು ಲೀಟರ್ ನೀರಿಗೆ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್. ಆ ಚಿಟಿಕೆ ಇರುವುದು ಮೆಟಾಲ್ ಗಾಳಿಗೆ ಕಂದದಿರಲೆಂದು. ಇಡೀ 45 ಗ್ರಾಂ ಮೊದಲೇ ಸುರಿದರೆ ಮೆಟಾಲ್ ಕರಗಲು ಸತಾಯಿಸುತ್ತದೆ. ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಕಾರ್ಬೊನೇಟ್, ಬ್ರೋಮೈಡ್. ಒಂದು ತಿಳಿಯಾಗದೆ ಇನ್ನೊಂದಕ್ಕೆ ಕೈಹಾಕಬೇಡಿ. ಕೊನೆಗೆ ತಣ್ಣೀರು ಸೇರಿಸಿ ಲೀಟರ್ ತುಂಬಿಸಿ.

5. ಥರ್ಮಾಮೀಟರ್ ಟ್ರೇಯಲ್ಲೇ ಇರಲಿ. ಮೆಟಾಲ್ ಮತ್ತು ಹೈಡ್ರೋಕ್ವಿನೋನ್ ಜೋಡೆತ್ತಿನಂತೆ: ಮೆಟಾಲ್ ಚಿತ್ರವನ್ನು ಬೇಗ ಎಬ್ಬಿಸುತ್ತದೆ, ಸವೆದ ಮೆಟಾಲ್‌ಗೆ ಹೈಡ್ರೋಕ್ವಿನೋನ್ ಮತ್ತೆ ಕಸುವು ಕೊಡುತ್ತದೆ. ದ್ರಾವಣ ತೀರಾ ತಣ್ಣಗಾದರೆ ಹೈಡ್ರೋಕ್ವಿನೋನ್ ಮಲಗಿಬಿಡುತ್ತದೆ, ಕಪ್ಪು ಬೂದಿಯಾಗುತ್ತದೆ. ನಮ್ಮ ಬೇಸಿಗೆಯ ತೊಂದರೆ ತದ್ವಿರುದ್ಧ. ಐಸ್ ತುಂಬಿದ ಬಾಟಲಿಯನ್ನು ಟ್ರೇಯಲ್ಲಿಟ್ಟು 20 ಡಿಗ್ರಿಗೆ ತನ್ನಿ. ಒಂದು ಪಾಲು ಡೆವಲಪರಿಗೆ ಎರಡು ಪಾಲು ನೀರು ಸೇರಿಸಿ ಬಳಸುವುದು ರೂಢಿ.

6. ಬದಲಿಸುವುದಾದರೆ ಒಮ್ಮೆಗೆ ಒಂದನ್ನೇ. ಹಳೆಯ ಕಾಗದದ ಬಿಳುಪು ಮಬ್ಬಾಗಿದ್ದರೆ ಬ್ರೋಮೈಡ್ ತುಸು ಹೆಚ್ಚಿಸಿ; ಮಬ್ಬು ತಗ್ಗುತ್ತದೆ, ಚಿತ್ರ ಏಳುವುದು ನಿಧಾನವಾಗುತ್ತದೆ. ಮೆದು ಕಾಂಟ್ರಾಸ್ಟ್ ಬೇಕಿದ್ದವರು ಹೈಡ್ರೋಕ್ವಿನೋನ್ ಇಲ್ಲದ, ಮೆಟಾಲ್ ಒಂದರಿಂದಲೇ ನಡೆಯುವ ಆನ್ಸ್ಕೋ 120 ನೋಡಬಹುದು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರ ಫಲ ಯಾವುದೆಂದು ತಿಳಿಯದು.

7. ಕೈಗವಸು, ಮಾಸ್ಕ್ ಕಡ್ಡಾಯ. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗದೆ ತುರಿಕೆ ತರುತ್ತದೆ. ಹೈಡ್ರೋಕ್ವಿನೋನ್ ಧೂಳು ಕಣ್ಣಿಗೆ ಕೆಟ್ಟದ್ದು. ಅಡುಗೆಮನೆಯ ಪಾತ್ರೆ ಇದಕ್ಕೆ ಬೇಡ. ಬೆರೆಸಿದ್ದನ್ನು ಕಂದು ಬಾಟಲಿಗೆ ಕಂಠಮಟ್ಟ ತುಂಬಿ ತಾರೀಕು ಬರೆಯಿರಿ. ಬಳಸುವ ಮೊದಲು ಕಾಗದದ ಎರಡು ಚೂರು ಪರೀಕ್ಷಿಸಿ: ಒಂದಕ್ಕೆ ದೀಪದ ಬೆಳಕು ತಾಕಿಸಿ, ಇನ್ನೊಂದಕ್ಕೆ ಬೆಳಕೇ ತೋರಿಸದೆ, ಎರಡನ್ನೂ ಪೂರ್ತಿ ಹೊತ್ತು ಡೆವಲಪ್ ಮಾಡಿ ಫಿಕ್ಸ್ ಮಾಡಿ. ಕಳೆದ ಬಾರಿಯ ಚೂರುಗಳ ಪಕ್ಕದಲ್ಲಿಟ್ಟಾಗ ಕಪ್ಪು ಅಷ್ಟೇ ಕಪ್ಪಾಗಿ, ಬಿಳಿ ಅಷ್ಟೇ ಬಿಳಿಯಾಗಿದ್ದರೆ ಒಳ್ಳೆಯ ಕಾಗದವನ್ನು ಹೊರತೆಗೆಯಿರಿ.