ಕಥೆಯ ಅಂಗಗಳು: ಸೂರಃ ಯೂಸುಫ್‌ನ ಬೆಳಕಿನಲ್ಲಿ ಒಂದು ಪಾಠ

ಮಕ್ಕಳಿಗೆ ಕಥೆ ಹೇಳಿ ಮುಗಿಸಿದ ಕೂಡಲೇ ನಾವು ಕೇಳುವ ಪ್ರಶ್ನೆ ಒಂದೇ: “ಇದರ ನೀತಿ ಏನು?” “ಸುಳ್ಳು ಹೇಳಬಾರದು” ಎಂದು ಮಗು ಒಪ್ಪಿಸುತ್ತದೆ. ನಮಗೆ ಸಮಾಧಾನವಾಗುತ್ತದೆ. ಅದೇ ಮಗು ಸಂಜೆ ತಮ್ಮನ ಮೇಲೆ ಇಲ್ಲದ ಚಾಡಿ ಹೇಳುತ್ತದೆ. ನೀತಿ ನಾಲಿಗೆಗೆ ಬಂತು, ಹೃದಯಕ್ಕೆ ಇಳಿಯಲಿಲ್ಲ.

ಓದುಗರೇ, ಪವಿತ್ರ ಕುರ್‌ಆನ್ ಕಥೆ ಹೇಳುವ ಕ್ರಮವನ್ನು ಗಮನಿಸಿರಿ. 12ನೆಯ ಅಧ್ಯಾಯವಾದ ಸೂರಃ ಯೂಸುಫ್‌ನಲ್ಲಿ 111 ಸೂಕ್ತಗಳಿವೆ. ಅತ್ಯುತ್ತಮ ವೃತ್ತಾಂತವೆಂದು ಆರಂಭದಲ್ಲೇ ಅಲ್ಲಾಹನು ಅದನ್ನು ಬಣ್ಣಿಸಿದ್ದಾನೆ. ಬುದ್ಧಿವಂತರಿಗೆ ಈ ವೃತ್ತಾಂತಗಳಲ್ಲಿ ಪಾಠವಿದೆಯೆಂಬ ಮಾತು ಬರುವುದು ಕೊನೆಯ ಸೂಕ್ತದಲ್ಲಿ. ಮೊದಲು ಕಥೆಯೊಳಗೆ ನಡೆಸಿ, ಬಳಿಕ ಪಾಠದತ್ತ ಬೆರಳು ತೋರುವುದೇ ಇಲ್ಲಿಯ ಕ್ರಮ.

ಆರು, ಏಳನೆಯ ತರಗತಿಯ ಮಕ್ಕಳಿಗೆ ಶಾಲೆಯಲ್ಲಿ ಕಥೆಯ ಅಂಗಗಳನ್ನು ಕಲಿಸಲಾಗುತ್ತದೆ: ಪಾತ್ರಗಳು, ಸ್ಥಳ-ಕಾಲ, ಕಥಾವಸ್ತು, ಸಂಘರ್ಷ, ತಿರುವು, ಮುಕ್ತಾಯ, ಆಶಯ. ಇವು ಪರೀಕ್ಷೆಗಾಗಿ ಕಂಠಪಾಠ ಮಾಡುವ ಹೆಸರುಗಳಲ್ಲ. ಕಥೆಯೊಳಗೆ ಹೋಗುವ ಬಾಗಿಲುಗಳು. ಬೈಲಹೊಂಗಲದ ನೆರೆಯ ಮುರಗೋಡದಂಥ ಊರಿನ ಮನೆಯಲ್ಲಿ ಅಥವಾ ಮದ್ರಸದಲ್ಲಿ ಇವನ್ನು ಹೇಗೆ ಕಲಿಸಬಹುದೆಂದು ನೋಡೋಣ.

ಮೊದಲನೆಯದು ಸ್ಥಳ-ಕಾಲ. ಈಜಿಪ್ಟ್ ಮಕ್ಕಳಿಗೆ ದೂರದ ದೇಶ. ಆದರೆ ಬಾವಿ, ಬರ, ಧಾನ್ಯದ ದಾಸ್ತಾನು ಎರೆಭೂಮಿಯ ಮಕ್ಕಳಿಗೆ ದೂರದವಲ್ಲ. ಏಳು ವರ್ಷ ಬೆಳೆದುದರಲ್ಲಿ ಊಟಕ್ಕೆ ಬೇಕಾದಷ್ಟನ್ನು ತೆಗೆದು, ಉಳಿದುದನ್ನು ತೆನೆಯಲ್ಲಿಯೇ ಇಡಿರೆಂದು ಹಝ್ರತ್ ಯೂಸುಫ್(ಅ) ಸೂಚಿಸಿದರು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಹೇಗೆ ಕಾಪಾಡುತ್ತಿದ್ದರೆಂದು ಮಕ್ಕಳು ಅಜ್ಜನನ್ನು ಕೇಳಿಕೊಂಡು ಬರಲಿ. ಆಗ ಏಳು ವರ್ಷದ ಬರವೆಂದರೇನೆಂದು ಅವರಿಗೆ ತಾನಾಗಿಯೇ ಅರ್ಥವಾಗುವುದು.

ಎರಡನೆಯದು ಪಾತ್ರಗಳು. ಅಣ್ಣಂದಿರನ್ನು “ಕೆಟ್ಟವರು” ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ. ತಂದೆಗೆ ತಮಗಿಂತ ಯೂಸುಫ್ ಮತ್ತು ಅವರ ಸಹೋದರನೇ ಹೆಚ್ಚು ಪ್ರಿಯರೆಂಬ ಅಸೂಯೆ ಅವರಲ್ಲಿತ್ತು. ಕೊಲ್ಲಬೇಡಿ, ಬಾವಿಗೆ ಹಾಕಿರೆಂದು ತಡೆದವನೂ ಅವರೊಳಗೇ ಒಬ್ಬನಿದ್ದ. ಇಂಥ ಅಸೂಯೆ ನಮ್ಮ ಮನೆಯಲ್ಲಿಯೂ ಇದೆಯೇ ಎಂದು ಮಗು ಯೋಚಿಸಲಿ. ತಂದೆತಾಯಿಗಳೂ ಯೋಚಿಸುವುದು ಒಳ್ಳೆಯದು.

ಮೂರನೆಯದು ಕಥಾವಸ್ತು, ಅಂದರೆ ಘಟನೆಗಳ ಕಾರಣ ಮತ್ತು ಪರಿಣಾಮಗಳ ಸರಪಳಿ. ಇದಕ್ಕೆ ಅಂಗಿಯನ್ನೇ ಹಿಡಿದು ಹೋಗಿರಿ. ಒಂದು ಅಂಗಿಗೆ ಅಣ್ಣಂದಿರು ಸುಳ್ಳು ರಕ್ತ ಹಚ್ಚಿ ತಂದೆಯನ್ನು ವಂಚಿಸಲು ಯತ್ನಿಸಿದರು. ಇನ್ನೊಂದು ಹಿಂದಿನಿಂದ ಹರಿದು, ಯೂಸುಫ್‌ರ(ಅ) ನಿರಪರಾಧಿತ್ವಕ್ಕೆ ಸಾಕ್ಷಿಯಾಯಿತು. ಮತ್ತೊಂದನ್ನು ಮುಖದ ಮೇಲೆ ಹಾಕಿದಾಗ ಹಝ್ರತ್ ಯಅ್‌ಕೂಬರಿಗೆ(ಅ) ದೃಷ್ಟಿ ಮರಳಿತು. ಈ ಮೂರನ್ನು ಮಕ್ಕಳು ಕ್ರಮವಾಗಿ ಹೇಳಿದರೆ ಇಡೀ ಕಥೆಯ ಎಳೆ ಕೈಗೆ ಸಿಕ್ಕಂತೆ.

ಸಂಘರ್ಷ ಮತ್ತು ತಿರುವಿನ ಪಾಠವೇ ಎಲ್ಲಕ್ಕಿಂತ ಮುಖ್ಯ. ಬರಗಾಲದಲ್ಲಿ ಅಣ್ಣಂದಿರು ಧಾನ್ಯಕ್ಕಾಗಿ ಬಂದು ನಿಂತಿದ್ದಾರೆ. ಯೂಸುಫ್(ಅ) ಅವರನ್ನು ಗುರುತಿಸಿದ್ದಾರೆ. ಅವರು ಇವರನ್ನು ಗುರುತಿಸಿಲ್ಲ. ಉಗ್ರಾಣದ ಅಧಿಕಾರ ಇವರ ಕೈಯಲ್ಲಿದೆ. ಇಲ್ಲಿ ಕಥೆಯನ್ನು ನಿಲ್ಲಿಸಿ, “ಆ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ?” ಎಂದು ಕೇಳಿರಿ. “ಜೈಲಿಗೆ ಹಾಕುತ್ತಿದ್ದೆ” ಎಂದು ಒಬ್ಬ ಹುಡುಗ ಹೇಳಿದರೆ ಗದರಿಸಬೇಡಿ. ಅವನು ಮನಸ್ಸಿನಲ್ಲಿದ್ದುದನ್ನು ಹೇಳಿದ್ದಾನೆ. ಮುಂದೆ ಯೂಸುಫ್(ಅ) ಅವರನ್ನು ಒಂದು ಮಾತೂ ನಿಂದಿಸದೆ ಕ್ಷಮಿಸಿ, ಅವರಿಗಾಗಿ ಅಲ್ಲಾಹನಲ್ಲಿ ಪ್ರಾರ್ಥಿಸಿದ್ದನ್ನು ಕೇಳಿದಾಗ, ತನ್ನ ಉತ್ತರಕ್ಕೂ ಪ್ರವಾದಿಯ ಉತ್ತರಕ್ಕೂ ಇರುವ ಅಂತರವನ್ನು ಅವನೇ ಅಳೆಯುತ್ತಾನೆ. ಆ ಅಂತರವೇ ಕಥೆಯ ಆಶಯ. ಅದನ್ನು ನೀವು ಹೇಳಬೇಕಾಗಿಲ್ಲ. ಕ್ರಿ.ಶ. 630ರಲ್ಲಿ ಮಕ್ಕಾ ವಿಜಯವಾದಾಗ ನಮ್ಮ ಪ್ರವಾದಿವರ್ಯರು(ಸ) ತಮ್ಮನ್ನು ಊರು ಬಿಡಿಸಿದ ಜನರನ್ನು ಕ್ಷಮಿಸಿದ್ದನ್ನು ಆಗ ನೆನಪಿಸಿದರೆ ಸಾಕು.

ಎರಡು ಎಚ್ಚರಿಕೆಗಳಿವೆ. ಪ್ರವಾದಿಗಳ ಕಥೆಗೆ ಸ್ವಾರಸ್ಯಕ್ಕಾಗಿ ಏನನ್ನೂ ಸೇರಿಸಬಾರದು. ಅಝೀಝ್‌ನ ಪತ್ನಿಯ ಹೆಸರು ಝುಲೈಖಾ ಎಂದು ಜನ ಹೇಳುತ್ತಾರೆ, ಆದರೆ ಕುರ್‌ಆನ್ ಆಕೆಯ ಹೆಸರನ್ನೇ ಹೇಳಿಲ್ಲ. ಹಾಗೆಯೇ ಮಕ್ಕಳಿಗೆ ಪ್ರವಾದಿಗಳ ವೇಷ ಹಾಕಿಸಿ ನಾಟಕವಾಡಿಸಬಾರದು. ಪ್ರಶ್ನೋತ್ತರವೇ ಸಾಕು.

ಇದೇ ಪ್ರಶ್ನೆಗಳನ್ನು ಮರುದಿನ ಸಂಗೊಳ್ಳಿ ರಾಯಣ್ಣನ ಕಥೆಗೂ ಕೇಳಿರಿ. ಸಂಗೊಳ್ಳಿ, ಕಿತ್ತೂರು, 1831ರಲ್ಲಿ ಆತನನ್ನು ಗಲ್ಲಿಗೇರಿಸಿದ ನಂದಗಡ ಎಲ್ಲವೂ ಈ ಜಿಲ್ಲೆಯವೇ. ಮದ್ರಸದಲ್ಲಿ ಕಲಿತದ್ದು ಶಾಲೆಯ ಪಾಠಕ್ಕೂ ನೆರವಾಗುವುದು.

ಇಂದು ರಾತ್ರಿ ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಈ ಕಥೆಯನ್ನು ಆರಂಭಿಸಿರಿ. ನೀತಿ ಹೇಳುವ ಅವಸರ ಬೇಡ. ನಮ್ಮ ಮಕ್ಕಳಿಗೆ ಕಿವಿಯಿಂದ ಕೇಳಿ ಹೃದಯದಿಂದ ಅರಿಯುವ ಭಾಗ್ಯವನ್ನು ಅಲ್ಲಾಹನು ಅನುಗ್ರಹಿಸಲಿ. ಆಮೀನ್.